ನಲವತ್ತೊಂದನೇ ಬೀಗ

ಹ್ಯೂಸ್ಟನ್
೧೮ ಅಕ್ಟೋಬರ್ ೧೯೯೯, ಸೋಮವಾರ

ಪ್ರೀತಿಯ ಮೃಣಾಲಿನಿ,

ಕ್ಯಾರಲ್ಟನ್ನಿನ ಮನೆ ನಿನಗೂ ಮಹತಿಗೂ ಒಗ್ಗಿತೆಂದು ತಿಳಿದು ಸಂತೋಷ. ಇಲ್ಲಿ ನನ್ನ ಅಡುಗೆ ನನಗಿನ್ನೂ ಒಗ್ಗಿಲ್ಲ.

ನಮ್ಮ ಕಾರ್ಖಾನೆಯ ಹೊಸ ಪದ್ಧತಿ ನಿನಗೆ ಗೊತ್ತು: ಫಿಟ್ಟರ್ ಕರೆಂಟ್ ಕೆಲಸವನ್ನೂ ಕಲಿಯಬೇಕು, ಎಲೆಕ್ಟ್ರಿಷಿಯನ್ ವೆಲ್ಡಿಂಗನ್ನೂ. ಮೂರು ಕಸುಬಿಗೆ ಒಬ್ಬನ ಕಸುವು, ಮಿಕ್ಕಿಬ್ಬರಿಗೆ ಮನೆಯ ಹಸಿವು. ಪ್ರಾಸ ನನ್ನದು, ಯೋಜನೆ ಮೇಲಿನವರದು. ಕಲಿಸಿ ಪರೀಕ್ಷೆ ಮಾಡುವುದು ನನ್ನ ಪಾಲು.

ನಮ್ಮ ಕಡೆಯಿಂದಲೇ ಬಂದು ಇಪ್ಪತ್ತು ವರ್ಷದಿಂದ ಇಲ್ಲಿ ಫಿಟ್ಟರಾಗಿದ್ದ ಮಹಾಂತಪ್ಪನವರು ಮೊದಲ ದಿನವೇ ಕೇಳಿದ್ದರು: ‘ಸಾಹೇಬ್ರ, ಪೈಪ್ ಸೋರಿದ್ರ ಕಣ್ಣಿಗೆ ಕಾಣ್ತದ್ರಿ. ಈ ತಂತಿ ಹೊಟ್ಟ್ಯಾಗ ಏನೈತಂತ ಹೆಂಗ ತಿಳೀಬೇಕ್ರಿ?’ ‘ಮುಟ್ಟಿದ್ರೆ ತಿಳಿಯುತ್ತೆ’ ಅಂದಿದ್ದೆ. ಇಬ್ಬರೂ ನಕ್ಕಿದ್ದೆವು.

ರಿಪೇರಿಗೆ ಇಳಿಯುವವನು ಸ್ವಿಚ್ ಆರಿಸಿ, ಅದಕ್ಕೆ ತನ್ನ ನಂಬರಿನ ಕೆಂಪು ಬೀಗ ಹಾಕಬೇಕು. ಬೀಗವಿದ್ದರೆ ಯಂತ್ರದೊಳಗೆ ಮನುಷ್ಯನ ಕೈಯಿದೆ ಎಂದರ್ಥ. ಹಾಕಿದವನೇ ತೆಗೆಯಬೇಕು. ಸೆಪ್ಟೆಂಬರಿನಲ್ಲಿ ಮಹಾಂತಪ್ಪನವರು ಮೂರನೇ ಪಂಪಿನ ಮೋಟಾರ್ ಬಿಚ್ಚಿದರು. ತಮ್ಮ ನಲವತ್ತೊಂದನೇ ಬೀಗವನ್ನು ನಾಲ್ಕನೇ ಸ್ವಿಚ್ಚಿಗೆ ಹಾಕಿದ್ದರು. ಕರೆಂಟ್ ಹೊಡೆಯಿತು; ಆಸ್ಪತ್ರೆಯವರೆಗೂ ಉಳಿಯಲಿಲ್ಲ.

ಈಗ ಹತ್ತು ದಿನದಿಂದ, ಬೆಳಿಗ್ಗೆ ಏಳಕ್ಕೆ ಹೋದರೆ ಮೂರನೇ ಸ್ವಿಚ್ಚಿನಲ್ಲಿ ನಲವತ್ತೊಂದು ತೂಗುತ್ತಿರುತ್ತದೆ. ಕತ್ತರಿಸುತ್ತೇವೆ. ಮರುದಿನ ಮತ್ತೆ ಅದೇ, ಒಂದು ಗೀರೂ ಇಲ್ಲದೆ. ಯಾರದೋ ಕುಚೇಷ್ಟೆಯೆಂದು ಮಹಾಂತಪ್ಪನವರ ಹೆಂಡತಿ ಅನುಸೂಯಾ ಅವರಿಗೆ ಫೋನ್ ಮಾಡಿದೆ; ಅವರ ಸಾಮಾನಿನ ಜೊತೆ ಬೀಗವನ್ನೂ ಕಳಿಸಿದ್ದೆವು. ‘ಇಲ್ಲೇ ಐತ್ರಿ, ದೇವರ ಮುಂದ ಇಟ್ಟೀನಿ. ಆದ್ರ ಮುಂಜಾನೆ ಮುಟ್ಟಿದ್ರ ಬೆಚ್ಚಗಿರ್ತದ್ರಿ’ ಅಂದರು.

ಈಗ ಹಾಕುತ್ತಿರುವುದು ಸರಿಯಾದ ಸ್ವಿಚ್ಚಿಗೇ. ಮನುಷ್ಯ ಕಲಿಯುವುದನ್ನು ಬಿಟ್ಟಿಲ್ಲ.

ನಾಡಿದ್ದು ಆ ಸಾವಿನ ವಿಚಾರಣೆ. ‘ಪಾಸಾಗಿದ್ರು ಅನ್ನಿ, ಪೇಪರ್ ತೋರಿಸಿ, ಸುಮ್ಮನಾಗಿ. ಕೆಲಸ ಹೋದ್ರೆ ವೀಸಾನೂ ಹೋಗುತ್ತೆ’ ಎಂದು ನೀನು ಫೋನಿನಲ್ಲಿ ಹೇಳಿದಂತೆಯೇ ಮಾಡುತ್ತೇನೆ. ಮಹಾಂತಪ್ಪನವರ ಉತ್ತರಪತ್ರಿಕೆಯಲ್ಲಿ ಒಂದೂ ತಪ್ಪಿಲ್ಲ.

ಮಹತಿಗೆ ಮುತ್ತು.

ನಿನ್ನ
ಜಯತೀರ್ಥ

ತಾ.ಕ.: ಲಕೋಟೆ ಅಂಟಿಸಿರಲಿಲ್ಲ. ಇವತ್ತು ಮಂಗಳವಾರ ಬೆಳಿಗ್ಗೆ ಮೂರನೇ ಸ್ವಿಚ್ಚಿನಲ್ಲಿ ಎರಡು ಬೀಗಗಳಿದ್ದವು. ಎರಡನೆಯದು ಹದಿನೇಳು, ನನ್ನದು. ನಾನು ಹಾಕಿಲ್ಲ, ಕೀಲಿ ಜೇಬಿನಲ್ಲೇ ಇದೆ, ಬೆಚ್ಚಗೆ. ಯಾವ ಸ್ವಿಚ್ಚು ಯಾವ ಪಂಪಿಗೆ ಎಂಬ ಪ್ರಶ್ನೆಗೆ ಮಹಾಂತಪ್ಪನವರು ಏನೂ ಬರೆದಿರಲಿಲ್ಲ, ಮೃಣಾಲಿನಿ. ಫೇಲಾದರೆ ಮನೆಗೆ ಕಳಿಸುತ್ತಾರಲ್ಲ, ಉಪಕಾರ ಎಂದುಕೊಂಡು ಉತ್ತರ ತುಂಬಿದವನು ನಾನು. ನಾಳೆ ವಿಚಾರಣೆಯಲ್ಲಿ ಅದನ್ನೇ ಹೇಳುತ್ತೇನೆ. ವೀಸಾ ಹೋದರೆ ಹೋಗಲಿ. ಹಾಕಿದವನೇ ತೆಗೆಯಬೇಕು.