ಅಜ್ಜಿ ಸೀರಿಯಲ್‌ಗೆ ಒಂದು ಸ್ಟಾರ್

ಒಂದು ಸ್ಟಾರ್ ಅಕ್ಕಾ,

ನಾನು ಕಟಿಂಗ್ ಶಾಪಿನ ಹತ್ತು ಸ್ಟಾರ್ ತಮ್ಮ. ನಮ್ಮ ಸೀರಿಯಲ್ ಗ್ರೂಪಲ್ಲಿ ಹಾಕ್ದೆ ನಿಮಗೊಬ್ರಿಗೇ ಬರೀತಿದೀನಿ. ಯಾವ ಕೊರಿಯನ್ ಸೀರಿಯಲ್ ಬಂದ್ರೂ ನಾನು ಹತ್ತಕ್ಕೆ ಹತ್ತು ಸ್ಟಾರ್ ಕೊಡೋದು, ನೀವು ಒಂದು ಕೊಟ್ಟು, "ತಮ್ಮಾ, ಕಂಡೋರ ತಲೆ ನೋಡಿದ್ದು ಸಾಕು, ನಿನ್ ತಲೆ ಒಳಗೇನಾದ್ರೂ ಇದ್ಯಾ ನೋಡ್ಕೋ" ಅನ್ನೋದು. ಎಷ್ಟು ಚೆನ್ನಾಗಿತ್ತು.

ಈಗ ಗ್ರೂಪೇ ಸಪ್ಪೆ. ಹೊಸ ಸೀರಿಯಲ್‌ನ ಹೀರೋ ಇಡೀ ಎಪಿಸೋಡು ಮಳೇಲಿ ನಿಂತಿದ್ದ, ಒಬ್ರೂ ಬೈಲಿಲ್ಲ. ನೀವಾಗಿದ್ರೆ "ಇವ್ನಿಗೆ ಕೊಡೆಗೂ ಗತಿ ಇಲ್ವಾ" ಅಂತಿದ್ರಿ. ನನಗೆ ಕೂತಲ್ಲಿ ಕೂರಕ್ಕಾಗ್ತಿಲ್ಲ. ನಿಮ್ಮ ಮೆಸೇಜ್ ಬಂತೇನೋ ಅಂತ ಫೋನ್ ನೋಡ್ತಾ ಮೇಷ್ಟ್ರ ಮೀಸೆ ಒಂದು ಕಡೆ ಹಾರಿಸ್ಬಿಟ್ಟೆ. ಪಾಪ, ಇನ್ನೊಂದು ಕಡೇದೂ ತೆಗೆಸ್ಕೊಂಡು ಹೋದ್ರು.

ನೀವು ಹತ್ತು ಕೊಟ್ಟಿರೋದು ಒಂದಕ್ಕೇ, ಆ ಬೇಕರಿ ಅಜ್ಜಿ ಸೀರಿಯಲ್‌ಗೆ. ಅದಕ್ಕೆ ಬೇಕಂತಲೇ ಒಂದು ಸ್ಟಾರ್ ಹಾಕ್ದೆ. ಗ್ರೂಪಿನೋರೆಲ್ಲ ನನ್ನ ಜನ್ಮ ಜಾಲಾಡಿದ್ರು. ನೀವು ಮಾತ್ರ ಬರ್ಲಿಲ್ಲ.

ಆಪರೇಷನ್ ಮುಗಿಸ್ಕೊಂಡು ಬರ್ತೀನಿ ಅಂತ ಹೇಳಿ ಹೋದೋರು ನೀವು. ಡಾಕ್ಟ್ರು ಫೋನ್ ಮುಟ್ಬೇಡಿ ಅಂದಿರ್ತಾರೆ, ಅಷ್ಟೇ ಅಂದ್ಕೊಂಡಿದೀನಿ. ಬೈಯೋಕೆ ಶಕ್ತಿ ಇಲ್ದಿದ್ರೆ ಪಕ್ಕದಲ್ಲಿರೋರ ಕೈಲಿ ಬರೀ ಒಂದು ಸ್ಟಾರ್ ಹಾಕ್ಸಿ. ಅದು ನನಗೇ ಅಂತ ತಲೆ ಬಗ್ಗಿಸಿ ತಗೋತೀನಿ. ಅಲ್ಲೀವರೆಗೂ ಅಜ್ಜಿಗೆ ಒಂದೇ ಸ್ಟಾರು, ತೆಗೆಯಲ್ಲ.

ನಿಮ್ಮಿಂದ ಬೈಸ್ಕೊಳ್ಳೋಕೆ ಕಾಯ್ತಿರೋ,
ತಲೆ ಖಾಲಿ ತಮ್ಮ