ಎರಡು ಎಡತೋಳು

ಮಂಗಳವಾರ, ಮಧ್ಯಾಹ್ನ

ರೀ,

ಒಂಬತ್ತು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಏನೆಂದು ಕರೆಯಬೇಕೋ ತಿಳಿಯದೆ ಎರಡು ಹಾಳೆ ಹರಿದು ಹಾಕಿದೆ. ಹಳೆಯದೇ ಇರಲಿ. ಹೊಸ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಿ ಎಂದುಕೊಂಡಿದ್ದೇನೆ. ನಿಮ್ಮಿಂದ ನನಗೆ ಒಂದೇ ಒಂದು ಪ್ರಶ್ನೆಗೆ ಉತ್ತರ ಬೇಕು. ಅದಕ್ಕೇ ಈ ಕಾಗದ, ಬೇರೇನೂ ಅಲ್ಲ.

ಹೋದ ವಾರ ಅಂಗಡಿಯಲ್ಲಿ ಗಿರಾಕಿಯೊಬ್ಬರ ಕೋಟಿಗೆ ಎರಡೂ ಎಡತೋಳುಗಳನ್ನೇ ಕತ್ತರಿಸಿಟ್ಟೆ. ನಗಬೇಡಿ. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದವಳು, ಎರಡನೆಯ ತೋಳಿಗೆ ಬಟ್ಟೆ ಮಗುಚಿ ಹಾಕುವುದನ್ನೇ ಮರೆತೆ. ಕಣ್ಣಂಚಿನಲ್ಲಿ ಆ ಹಾಳು ಮಿಂಚಿನ ಗೆರೆ ಕುಣಿಯುತ್ತಿತ್ತು, ಅರ್ಧ ಮೇಜು ಕಾಣುತ್ತಲೇ ಇರಲಿಲ್ಲ. ಆಮೇಲೆ ತಲೆನೋವು, ವಾಂತಿ, ಟ್ರಯಲ್ ರೂಮಿನ ನೆಲದಲ್ಲಿ ಮುಖದ ಮೇಲೆ ಲೈನಿಂಗ್ ಬಟ್ಟೆ ಎಳೆದುಕೊಂಡು ಮಲಗಿದ್ದು. ಮಾಲೀಕರು ಬೈಯಲಿಲ್ಲ. ಸ್ವಲ್ಪ ದಿನ ಗುಂಡಿ ಹೊಲೀತಾ ಇರಿ ಅಕ್ಕಾ, ಇನ್ನೊಂದ್ಸಲ ಹೀಗಾದ್ರೆ ಕಟಿಂಗ್ ಮೇಜಿಗೆ ಬೇರೆಯವರನ್ನ ನೋಡ್ಬೇಕಾಗುತ್ತೆ ಅಂದರು. ಬೈದಿದ್ದರೇ ವಾಸಿಯಿತ್ತು.

ಡಾಕ್ಟರಮ್ಮನ ಹತ್ತಿರ ಹೋದೆ. ಮೈಗ್ರೇನ್ ಮಾತ್ರೆ ತಿಂಗಳಿಗೆ ಎಷ್ಟು ದಿನ ತಗೋತೀರಿ ಎಂದು ಕೇಳಿದರು. ಏಳೆಂಟು ಅಂದೆ. ಚೀಲದಲ್ಲಿದ್ದ ಖಾಲಿ ಮಾತ್ರೆ ಪಟ್ಟಿಗಳನ್ನೆಲ್ಲ ಮೇಜಿನ ಮೇಲೆ ಸುರಿಸಿ ಎಣಿಸಿದರು. ಹದಿನೆಂಟು ದಿನವಾಗಿತ್ತು! ನಿಜ ಹೇಳುತ್ತೇನೆ, ಅದರಲ್ಲಿ ಅರ್ಧ ನೋವಿಗೆ ನುಂಗಿದ್ದಲ್ಲ, ಭಯಕ್ಕೆ ನುಂಗಿದ್ದು. ಒಬ್ಬಳೇ ಇರುವಾಗ ಬಂದುಬಿಟ್ಟರೆ ಎಂದು ಬೆಳಿಗ್ಗೆ ಎದ್ದವಳೇ ಒಂದು ಬಾಯಿಗೆ ಹಾಕಿಕೊಂಡು ಹೊರಡುತ್ತಿದ್ದೆ. ಮುಗಿದಾಗ ಪಕ್ಕದ ಮನೆಯಾಕೆಯ ಮಾತ್ರೆಯನ್ನೂ ಎರಡು ಸಲ ಇಸಿದುಕೊಂಡಿದ್ದೆ ಅಂದಾಗ ಅವರು ಕನ್ನಡಕ ತೆಗೆದಿಟ್ಟರು.

ಅಲ್ಲಮ್ಮಾ, ಅವರಿಗೆ ಬರೆದಿದ್ದು ನಿಮ್ಮ ಹೃದಯಕ್ಕೆ, ರಕ್ತದೊತ್ತಡಕ್ಕೆ ಒಗ್ಗುತ್ತೆ ಅಂತ ನಿಮಗೆ ಹೇಳಿದ್ಯಾರು ಎಂದು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಅತಿಯಾದರೆ ಈ ಮಾತ್ರೆಯೇ ತಲೆನೋವು ತರುತ್ತದಂತೆ. ವಾರಕ್ಕೆ ಎರಡು ದಿನ ದಾಟಕೂಡದಂತೆ. ನೋವು ಶುರುವಾದ ಕೂಡಲೇ ನುಂಗಬೇಕು. ಹೆದರಿಕೊಂಡು ಮೊದಲೇ ಅಲ್ಲ, ತಲೆ ಸಿಡಿಯುವವರೆಗೆ ಕಾದೂ ಅಲ್ಲ. ಈಗ ಅದನ್ನು ನಿಲ್ಲಿಸಿ ಬೇರೊಂದು ಕೊಟ್ಟಿದ್ದಾರೆ. ಮೊದಲ ಎರಡು ವಾರ ನೋವು ಹೆಚ್ಚೇ ಆಗಬಹುದಂತೆ. ಇವತ್ತು ನಾಲ್ಕನೆಯ ದಿನ. ಅಕ್ಷರ ಸೊಟ್ಟಗಿದ್ದರೆ ಅದಕ್ಕೇ.

ಮನೇಲಿ ಜೊತೆಗೆ ಯಾರಿದ್ದಾರೆ ಎಂದು ಕೇಳಿದರು. ಯಜಮಾನರಿದ್ದಾರೆ ಅಂದೆ. ಬಾಯಿ ತಪ್ಪಿ ಬಂತು. ಹಾಗಾದ್ರೆ ಒಳ್ಳೇದಾಯ್ತು, ನೋವು ಬರೋ ಮುಂಚೆ ನಿಮ್ಮಲ್ಲಿ ಏನು ಬದಲಾಗುತ್ತೆ ಅಂತ ಅವರನ್ನ ಕೇಳಿ, ಜೊತೆಗಿರೋರಿಗೆ ಗೊತ್ತಾಗುತ್ತೆ ಅಂದರು.

ನಿಮಗೆ ಗೊತ್ತಾಗುತ್ತಿತ್ತು, ರೀ. ಮಿಷನ್ ಪಕ್ಕದಲ್ಲಿ ಒಂದು ಲೋಟ ನೀರು, ಒಂದು ಮಾತ್ರೆ ತಂದಿಟ್ಟು, ಈಗ್ಲೇ ಬೇಡ, ನೋವು ಅಂದ ತಕ್ಷಣ ನುಂಗು ಅನ್ನುತ್ತಿದ್ದಿರಿ. ನೀವೇ ಕರೆದು ತರ್ತೀರಿ ಅದನ್ನ ಎಂದು ನಾನು ಮೈಮೇಲೆ ಬೀಳುತ್ತಿದ್ದೆ. ಒಂದು ಗಂಟೆಯೊಳಗೆ ಅದು ಬಂದೇ ಬರುತ್ತಿತ್ತು. ಏನು ನೋಡುತ್ತಿದ್ದಿರಿ? ಆಕಳಿಸುತ್ತಿದ್ದೆನೇ? ಕತ್ತು ಉಜ್ಜಿಕೊಳ್ಳುತ್ತಿದ್ದೆನೇ? ಸುಮ್ಮಸುಮ್ಮನೆ ಸಿಡುಕುತ್ತಿದ್ದೆನೇ? ಅದಂತೂ ದಿನಾ ಇದ್ದದ್ದೇ ಅನ್ನುತ್ತೀರೇನೋ. ಟ್ರಯಲ್ ರೂಮಿನ ಕನ್ನಡಿಯ ಮುಂದೆ ನಿಂತು ಹುಡುಕಿದೆ, ಏನೂ ತಿಳಿಯಲಿಲ್ಲ. ಸಂಜೆ ಬೀಗ ತೆಗೆದು ಒಳಗೆ ಬಂದರೆ ನನ್ನ ಮುಖ ನೋಡುವವರು ಯಾರೂ ಇಲ್ಲ. ಬಹಳ ಒಂಟಿ ಅನ್ನಿಸುತ್ತದೆ.

ಒಂದು ಸಾಲು ಬರೆದರೆ ಸಾಕು. ಬನ್ನಿ ಎಂದು ನಾನೇನೂ ಕರೆಯುತ್ತಿಲ್ಲ.

ಇಂತಿ,
ನೀವೇ ಹೆಸರಿಟ್ಟ
ಕತ್ತರಿ

ತಾ.ಕ.: "ನಿಮ್ಮ ಮುಖ ನೋಡೋಕಾಗಲ್ಲ, ಹೋಗಿ" ಅಂದೆನಲ್ಲ, ಅದು ತಲೆನೋವಿನಲ್ಲಿ ಬಂದ ಮಾತು ಎಂದು ನಿಮ್ಮ ಅಕ್ಕನಿಗೆ ಹೇಳಿಕೊಂಡಿದ್ದೆ. ಡಾಕ್ಟರಿಗೆ ತೋರಿಸಲೆಂದು ಹಳೆಯ ಕ್ಯಾಲೆಂಡರ್ ಇಳಿಸಿದೆ. ನನಗೆ ನೋವು ಬಂದ ದಿನಗಳಿಗೆಲ್ಲ ನೀವು ಕೆಂಪು ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದೀರಿ. ಆ ಮಾತು ಅಂದ ದಿನದ ಚೌಕ ಖಾಲಿ. ಅದರ ಹಿಂದಿನ ವಾರವೆಲ್ಲ ಖಾಲಿ. ತಲೆ ಸರಿಯಾಗಿಯೇ ಇತ್ತು, ರೀ. ಮಾತು ನನ್ನದೇ. ತಪ್ಪಾಯಿತು. ಬರುವ ವಾರ ಗುರುವಾರ ಹನ್ನೊಂದು ಗಂಟೆಗೆ ಯಜಮಾನರನ್ನೂ ಕರೆದುಕೊಂಡು ಬನ್ನಿ ಅಂದಿದ್ದಾರೆ ಡಾಕ್ಟರಮ್ಮ. ಹೂಂ ಅಂದುಬಿಟ್ಟಿದ್ದೇನೆ.