ಅರೆಕಾಲಿನ ಗುಳಿಗೆ

ನಾಂಪಲ್ಲಿ, ಹೈದರಾಬಾದ್
17-11-2025, ಸೋಮವಾರ

ತಂಗಿ ಧನಶ್ರೀಗೆ,

ಹಿರಿಯಳಾಗಿ ಆಶೀರ್ವಾದ ಎಂದು ಬರೆಯಬೇಕು. ಕೈ ಏಳಲಿಲ್ಲ, ಬಿಟ್ಟಿದ್ದೇನೆ.

ಇವತ್ತು ಕಾರ್ತಿಕದ ಕಡೆಯ ಸೋಮವಾರ. ನೀರು ಬಿಟ್ಟು ಬೇರೇನೂ ಬಾಯಿಗೆ ಹಾಕಿಲ್ಲ. ನಸುಕಿನಲ್ಲಿ ಎದ್ದು ಬಾಗಿಲಿಗೆ ನೀರು ಹಾಕಿ, ನಳ ಹೋಗುವುದರೊಳಗೆ ಕೊಡ ತುಂಬಿಸಿ, ಪೂಜೆ ಮುಗಿಸಿ, ಭಕ್ತಿಯ ಜಡೆ ಹೆಣೆದು ಶಾಲೆಗೆ ಕಳಿಸಿದೆ. ನಿನ್ನ ಮಗಳು ಚೆನ್ನಾಗಿದ್ದಾಳೆ. ಮೊದಲು ಅದನ್ನೇ ನೀನು ಓದಲೆಂದು ಬರೆದೆ.

ಇನ್ನು ಎರಡನೆಯದು. ಮಾವನವರ ಜೀವ ಹೋದದ್ದು ನಿನ್ನ ಕೈಯಿಂದ ಅಲ್ಲ, ನನ್ನ ಕೈಯಿಂದ.

ಜೂನ್ ತಿಂಗಳಲ್ಲಿ ಅವರ ನಾಡಿ ಇಳಿದು ವಾಂತಿ ಶುರುವಾದಾಗ ಡಾಕ್ಟರು ಹೃದಯದ ಗುಳಿಗೆ ಕಡಿಮೆ ಮಾಡಿ ಚೀಟಿ ಬರೆದರಲ್ಲ, ನೀನು ಆಫೀಸಿನಿಂದ ಬರುವಾಗ ಹೊಸ ಗುಳಿಗೆ ತಂದು ವಾರದ ಡಬ್ಬಿ ತುಂಬಿದೆ. ಎರಡು ದಿನ ನಾನು ಅವನ್ನೇ ಕೊಟ್ಟೆ. ವಾಂತಿ ನಿಲ್ಲಲಿಲ್ಲ. ಮೂರನೆಯ ದಿನ ಹಳೆಯದು ಹೊಸದು ಎರಡೂ ಸ್ಟ್ರಿಪ್ಪುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಹಳೆಯದರ ಮೇಲೆ 0.25. ನೀನು ತಂದದ್ದರ ಮೇಲೆ 0.125. ಇಪ್ಪತ್ತೈದೆಲ್ಲಿ, ನೂರಾ ಇಪ್ಪತ್ತೈದೆಲ್ಲಿ! ಸೊನ್ನೆಗೂ ಚುಕ್ಕಿಗೂ ನಾನು ಬೆಲೆ ಕೊಡಲಿಲ್ಲ. ಕಡಿಮೆಯದು ತಾ ಎಂದರೆ ಐದು ಪಟ್ಟು ಜಾಸ್ತಿಯದು ತಂದಿದ್ದಾಳೆ ಎಂದುಕೊಂಡೆ. ಡಬ್ಬಿಯಲ್ಲಿದ್ದ ಹೊಸವನ್ನೆಲ್ಲ ಮೋರಿಗೆ ಸುರಿದು ಹಳೆಯವನ್ನು ತುಂಬಿಟ್ಟೆ.

ನಿನ್ನನ್ನು ಕೇಳಬಹುದಿತ್ತು, ನೀನು ಪಕ್ಕದ ಕೋಣೆಯಲ್ಲೇ ಇದ್ದೆ. ಕಲಿತವಳ ತಪ್ಪನ್ನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ಹಿಡಿದಳು ಎಂಬ ಸೊಕ್ಕು ನನಗೆ. ಯಾರಿಗೂ ಹೇಳದೆ ನಿನ್ನ ಮಾನ ಕಾಯುತ್ತಿದ್ದೇನೆ ಎಂದೂ ಅಂದುಕೊಂಡೆ.

ಒಂಬತ್ತು ದಿನ ಅದೇ ಕೊಟ್ಟೆ, ನಡುವೆ ನೀನು ಮತ್ತೆ ಡಬ್ಬಿ ತುಂಬಿದಾಗಲೂ ಗುಟ್ಟಾಗಿ ಬದಲಿಸಿದೆ. ಐದನೆಯ ದಿನ ಊಟಕ್ಕೆ ಕೂತವರು, “ಗೋದಾವರಿ, ಅನ್ನ ಹಳದಿ ಕಾಣಾಕತ್ತೈತಿ. ಅರಿಶಿಣದ ಡಬ್ಬಿ ಬೋರಲು ಹಾಕೀಯೇನವ್ವಾ?” ಎಂದು ನಕ್ಕರು. ನಾನೂ ನಕ್ಕೆ. ವಿಷ ಏರಿದಾಗ ಕಣ್ಣಿಗೆ ಹಾಗೆ ಕಾಣುತ್ತದಂತೆ, ಆಮೇಲೆ ಆಸ್ಪತ್ರೆಯಲ್ಲಿ ಹೇಳಿದರು.

ಹಳೆಯ ಗುಳಿಗೆಯನ್ನೇ ಕೊಟ್ಟಿದ್ದೀರಿ ಎಂದು ಅಲ್ಲಿಯ ಡಾಕ್ಟರು ಡಬ್ಬಿ ನೋಡಿ ಬೈದಾಗಲೂ ನನಗೆ ನಂಬಿಕೆ ಬರಲಿಲ್ಲ. ಮೊದಲೆರಡು ದಿನ ಹೋದ ನೂರಾ ಇಪ್ಪತ್ತೈದೇ ಅವರನ್ನು ಕೆಡಿಸಿತು ಎಂದೇ ಮನಸ್ಸಿನಲ್ಲಿತ್ತು. ಡಬ್ಬಿ ತುಂಬಿದ್ದು ಯಾರು ಎಂದು ಮೈದುನ ಯಶವಂತ ಕೇಳಿದ. “ಯಾವಾಗ್ಲೂ ತುಂಬಾಕಿ ಧನಶ್ರೀನ” ಅಂದೆ. ಸುಳ್ಳಲ್ಲವಲ್ಲ! ನೀನು ಗೋಡೆಗೆ ಒರಗಿ, “ನಾನಽ ಮರತು ಹಳೇವು ತುಂಬೀನೋ ಏನೋ, ಅಕ್ಕಾ” ಎಂದು ನನ್ನನ್ನೇ ಕೇಳಿದೆ. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ದಿನಕರ್ಮ ಮುಗಿದ ಮಾರನೆಯ ದಿನ ನೀನು ಉಪ್ಪಲ್‌ಗೆ, ನಿನ್ನ ಅಣ್ಣನ ಮನೆಗೆ ಹೋದೆ. ಭಕ್ತಿಯನ್ನು ಕೇಳಿದಾಗ ಯಶವಂತ, “ಒಂದು ಗುಳಿಗಿ ನೆಟ್ಟಗ ಹಾಕಾಕ ಬರಲಾರದಾಕಿ ಕೈಯಾಗ ಮಗಳನ್ನ ಹೆಂಗ ಬಿಡ್ಲಿ?” ಅಂದ. ಈಗ ಕೋರ್ಟಿಗೂ ಅದನ್ನೇ ಬರೆದುಕೊಟ್ಟಿದ್ದಾನೆ.

ನಿನ್ನೆ ಭಕ್ತಿ ಗಣಿತದ ಪುಸ್ತಕ ಹಿಡಿದು ಬಂದಳು. ದಶಾಂಶವನ್ನು ಭಿನ್ನರಾಶಿ ಮಾಡುವ ಪಾಠ. 0.25, 0.125, ಯಾವುದು ದೊಡ್ಡದು ಎಂದು ಪ್ರಶ್ನೆ. ನೂರಾ ಇಪ್ಪತ್ತೈದು ಎಂದೆ. “ಅಯ್ಯ ದೊಡ್ಡಮ್ಮಾ, ಉದ್ದ ಐತಂತ ದೊಡ್ಡದಾಗತೈತೇನು? ಹಂಗಾದ್ರ ಪಡವಲಕಾಯಿ ಕುಂಬಳಕಾಯಿಗಿಂತ ದೊಡ್ಡದು!” ಎಂದು ಬಿದ್ದು ಬಿದ್ದು ನಕ್ಕಳು. ಚುಕ್ಕಿಯಾದ ಮೇಲೆ ಎಷ್ಟು ಅಂಕಿಯೋ ಅಷ್ಟು ಸೊನ್ನೆಯನ್ನು ಒಂದರ ಮುಂದೆ ಇಟ್ಟು ಕೆಳಗೆ ಬರೆಯಬೇಕಂತೆ. ಹಾಗೆ ಮೇಲೊಂದು ಕೆಳಗೊಂದು ಪೂರ್ಣ ಸಂಖ್ಯೆ ಇಟ್ಟು ಬರೆಯಲು ಬಂದರೆ ಅದು ಪರಿಮೇಯ ಸಂಖ್ಯೆಯಂತೆ. ಕೆಳಗೆ ಬರೀ ಸೊನ್ನೆ ಮಾತ್ರ ಕೂಡದಂತೆ. ನೂರರಲ್ಲಿ ಇಪ್ಪತ್ತೈದನ್ನು ಐದರಿಂದ ಎರಡು ಸಲ ಭಾಗಿಸಿದಳು, ನಾಲ್ಕರಲ್ಲಿ ಒಂದಾಯಿತು. ಸಾವಿರದಲ್ಲಿ ನೂರಾ ಇಪ್ಪತ್ತೈದನ್ನು ಮೂರು ಸಲ ಭಾಗಿಸಿದಳು. ಎಂಟರಲ್ಲಿ ಒಂದು.

ನಾಲ್ಕರಲ್ಲಿ ಒಂದು ಕಾಲು, ಎಂಟರಲ್ಲಿ ಒಂದು ಅರೆಕಾಲು. ಕಾಲಿನ ಮಗ್ಗಿ, ಅರೆಕಾಲಿನ ಮಗ್ಗಿ ನಮ್ಮೂರ ಮಾಸ್ತರರು ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದರು, ಈಗಲೂ ತಪ್ಪದೆ ಹೇಳುತ್ತೇನೆ. ಆ ಗುಳಿಗೆಯ ಮೇಲೆ ಅರೆಕಾಲು ಎಂದಿದ್ದರೆ ಕುರುಡಿಯಾದರೂ ತಿಳಿದುಕೊಳ್ಳುತ್ತಿದ್ದೆ. ನೀನು ತಂದದ್ದು ಸರಿಯಾಗಿ ಅರ್ಧ. ನಾನು ದಿನವೂ ಹಾಕಿದ್ದು ಅದರ ಎರಡರಷ್ಟು.

ಇದನ್ನೆಲ್ಲ ಫೋನಿನಲ್ಲಿ ಹೇಳಿದರೆ ಗಾಳಿಗೆ ಹೋಗುತ್ತದೆ. ಗುರುವಾರ ಕೋರ್ಟಿನಲ್ಲಿ ಈ ಕಾಗದ ತೋರಿಸು. ಇವತ್ತು ದೀಪ ಹಚ್ಚಿದ ಮೇಲೆ ಮನೆಯವರಿಗೂ ಯಶವಂತನಿಗೂ ನಾನೇ ಹೇಳುತ್ತೇನೆ. ಶಿವ ಏನು ಕೊಡುತ್ತಾನೋ ಕೊಡಲಿ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ನಿನ್ನ ಅಕ್ಕ,
ಗೋದಾವರಿ

ತಾ.ಕ.: ಮೇಲೆ ನಿನ್ನೆ ಎಂದು ಬರೆದದ್ದು ಸುಳ್ಳು. ಉಪವಾಸದ ದಿನ ಸುಳ್ಳು ಬರೆದು ಮಡಚಿದ್ದೆ, ಮತ್ತೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಭಕ್ತಿ ಆ ಲೆಕ್ಕ ಮಾಡಿ ತೋರಿಸಿದ್ದು ಶ್ರಾವಣದಲ್ಲಿ. ಮೂರು ತಿಂಗಳು ಬಾಯಿ ಹೊಲಿದುಕೊಂಡು ಕೂತೆ. ನನ್ನ ಹೊಟ್ಟೆಯಲ್ಲಿ ಒಂದು ಹುಟ್ಟಲಿಲ್ಲ, ನಿನಗೆ ಗೊತ್ತು. ನೀನು ಹೋದಂದಿನಿಂದ ಅವಳು ನನ್ನ ಪಕ್ಕ ಮಲಗುತ್ತಾಳೆ, ನಿದ್ದೆಯಲ್ಲಿ ಒಮ್ಮೊಮ್ಮೆ ಅವ್ವಾ ಎನ್ನುತ್ತಾಳೆ. ನನ್ನನ್ನೇ ಕರೆದಳು ಎಂದುಕೊಳ್ಳುತ್ತಿದ್ದೆ.

ಶಾಲೆ ಬಿಟ್ಟ ಮೇಲೆ ಈ ಕಾಗದ ಕೊಟ್ಟು, ಗುಡಿಯ ಮುಂದೆ ಹೂವು ಮಾರುವ ಅಮರಯ್ಯನ ಜೊತೆ ಅವಳನ್ನು ಮೆಟ್ರೋ ಹತ್ತಿಸುತ್ತೇನೆ. ಅವ್ವನಿಂದ ಉತ್ತರ ತರಬೇಕು ಎಂದಷ್ಟೇ ಹೇಳಿದ್ದೇನೆ. ಉತ್ತರ ಬರೆದರೆ ಅಮರಯ್ಯನ ಕೈಗೆ ಕೊಡು, ಅವನೊಬ್ಬನೇ ತರಲಿ.